ಕಂಪನಿಯಿಂದ ಬಂದ ಹಾಗೆಯೇ

ಶಿರಿಯದ ಮಮ್ಮುಂಞಿಗೆ ಸ್ಪೋರ್ಟ್ಸ್ ಕಾರುಗಳ ವಿಷಯದಲ್ಲಿ ಇಪ್ಪತ್ತೇಳು ವರ್ಷಗಳ ಅನುಭವವಿದೆ ಎಂದು ಊರಿಗೆ ಊರೇ ನಂಬಿತ್ತು. ಹಾಗೆ ನಂಬಿಸಿದವನು ಮಮ್ಮುಂಞಿಯೇ. ಶಾರ್ಜಾದ ಒಬ್ಬ ಅರಬಿಯ ಮನೆಯಲ್ಲಿ ಅವನು ಡ್ರೈವರಾಗಿದ್ದದ್ದು ನಿಜ. ಆ ಮನೆಯಲ್ಲಿ ಎರಡೇ ಬಾಗಿಲಿನ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಕೂತಿರುತ್ತಿದ್ದ ಕೆಂಪು ಕಾರೊಂದು ಇದ್ದದ್ದೂ ನಿಜ. ಆದರೆ ಅದನ್ನು ಓಡಿಸುತ್ತಿದ್ದವಳು ಮನೆಯ ಯಜಮಾನಿ. ಮಮ್ಮುಂಞಿಯ ಪಾಲಿಗೆ ಬಂದದ್ದು ಮಕ್ಕಳನ್ನು ಶಾಲೆಗೆ ಬಿಡುವ ವ್ಯಾನು, ಮಾರ್ಕೆಟ್ಟಿನಿಂದ ಮೀನು ತರುವ ಪಿಕಪ್ಪು, ಮತ್ತು ಬೆಳಗ್ಗೆ ಆ ಕೆಂಪು ಕಾರನ್ನು ತೊಳೆದು ಒರೆಸಿ ಶೆಡ್ಡಿನಿಂದ ಮುಂಬಾಗಿಲಿನವರೆಗೆ ತಂದು ನಿಲ್ಲಿಸುವ ಭಾಗ್ಯ. ಶೆಡ್ಡಿನಿಂದ ಮುಂಬಾಗಿಲಿಗೆ ನಲವತ್ತು ಮೀಟರು. ಇಪ್ಪತ್ತೇಳು ವರ್ಷ ದಿನಾ ನಲವತ್ತು ಮೀಟರು ಓಡಿಸಿದವನ ಅನುಭವವನ್ನು ಅನುಭವವಲ್ಲ ಎನ್ನಲು ನಾವು ಯಾರು?

ಕಾರನ್ನು ಬಾಗಿಲಿಗೆ ತಂದ ಮೇಲೆ ಇನ್ನೊಂದು ಕೆಲಸವಿತ್ತು. ಸೀಟಿನ ಬದಿಯಲ್ಲಿ ಮೂರು ಬಟನ್. ಒಂದನೆಯದು ಅರಬಿಗೆ, ಎರಡನೆಯದು ಯಜಮಾನಿಗೆ, ಮೂರನೆಯದು ಅವರ ದೊಡ್ಡ ಮಗನಿಗೆ. ಎರಡನೆಯದನ್ನು ಒತ್ತಿದರೆ ಸೀಟು ಗುಂಯ್ ಎಂದು ಮುಂದೆ ಬಂದು, ಸ್ವಲ್ಪ ಮೇಲೆದ್ದು, ಯಜಮಾನಿಯ ಅಳತೆಗೆ ನಿಲ್ಲುತ್ತಿತ್ತು. ಆಮೇಲೆ ಎ.ಸಿ. ಇಪ್ಪತ್ತೊಂದಕ್ಕೆ. ಯಜಮಾನಿ ನಾಲ್ಕು ಕಾರು ಬದಲಾಯಿಸಿದಳು, ಮಮ್ಮುಂಞಿ ಒಂದು ದಿನವೂ ಬಟನ್ ತಪ್ಪಲಿಲ್ಲ. ಈ ಕಥೆಯನ್ನು ಅವನು ಪ್ರತಿ ರಜೆಯಲ್ಲಿಯೂ ಊರಿಗೆ ಬಂದು ಹೇಳುತ್ತಿದ್ದ. ಹೆಂಡತಿ ಕುಂಞಾಮಿನ ಇದನ್ನು ಹದಿಮೂರು ರಜೆಗಳಲ್ಲಿ ಹದಿಮೂರು ಸಲ ಕೇಳಿದ್ದಾಳೆ.

ಆ ಕೆಂಪು ಕಾರಿಗೆ ಒರಗಿ, ಯಾರದೋ ಕಪ್ಪು ಕನ್ನಡಕ ಹಾಕಿಕೊಂಡು ತೆಗೆಸಿದ ಫೋಟೋ ಒಂದನ್ನು ಅವನು ಗಲ್ಫಿಗೆ ಹೋದ ಎರಡನೇ ವರ್ಷ ಅವಳಿಗೆ ಕಳಿಸಿದ್ದ. ಹಿಂದೆ ಬರೆದಿದ್ದ: ಒಂದು ದಿನ ಇಂಥ ಕಾರಿನಲ್ಲಿ ನಿನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಕರೆದುಕೊಂಡು ಹೋಗದಿದ್ದರೆ ನಾನು ಮಮ್ಮುಂಞಿಯೇ ಅಲ್ಲ. ಬರೆಯುವಾಗ ಅವನಿಗೆ ಮೂವತ್ತೆರಡು, ಓದುವಾಗ ಅವಳಿಗೆ ಇಪ್ಪತ್ತಾರು. ಪೋಸ್ಟ್‌ಮ್ಯಾನ್ ಕರೆದ ಸದ್ದಿಗೆ ಗುಡ್ಡೆಯ ಮೇಲಿನ ಮನೆಯಿಂದ ಐವತ್ತೆರಡು ಮೆಟ್ಟಿಲು ಓಡಿ ಇಳಿದು ಬಂದು ಆ ಕಾಗದ ತೆಗೆದುಕೊಂಡಿದ್ದಳು. ಫೋಟೋ ಕಪಾಟಿನಲ್ಲಿ ರೇಷನ್ ಕಾರ್ಡಿನ ಜೊತೆ ಸೇರಿತು. ಅವಳು ಆ ಮಾತನ್ನು ಮತ್ತೆ ಎತ್ತಲಿಲ್ಲ. ಅವನು ಮರೆಯಲಿಲ್ಲ. ಈ ಒಂದು ಗುಣವನ್ನಾದರೂ ಮಮ್ಮುಂಞಿಗೆ ಕೊಡಲೇಬೇಕು.

ಐವತ್ತೆಂಟಕ್ಕೆ ಊರಿಗೆ ವಾಪಸಾದ. ಅರಬಿ ಒಳ್ಳೆಯವನು, ಕೈ ತುಂಬ ಕೊಟ್ಟು ಕಳಿಸಿದ. ಆ ದುಡ್ಡಿನಲ್ಲಿ ಪೇಟೆಯಲ್ಲಿ ಎರಡು ಅಂಗಡಿಕೋಣೆ ಕಟ್ಟಿಸಿ ಬಾಡಿಗೆಗೆ ಕೊಡು ಎಂದು ತಿಳಿದವರು ಹೇಳಿದರು. ಮಮ್ಮುಂಞಿ ಕೇಳುವವನೇ? ಸೆಕೆಂಡ್ ಹ್ಯಾಂಡ್ ಆದರೂ ಸರಿ, ಕೆಂಪು ಸ್ಪೋರ್ಟ್ಸ್ ಕಾರೇ ಬೇಕು ಎಂದು ಹಟ ಹಿಡಿದ. ಉಳಿದ ಪ್ರಶ್ನೆ ಒಂದೇ: ಮೋಡಿಫೈ ಮಾಡಿದ್ದೋ, ಸ್ಟಾಂಡರ್ಡೋ?

ಮನೆಯಲ್ಲಿ ಈ ಪ್ರಶ್ನೆಗೆ ಎರಡು ಪಕ್ಷಗಳಿದ್ದವು. ಮಗ ನಿಯಾಸ್ ಕುಂಬಳೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು, ಮೋಡಿಫೈ ಪಕ್ಷದ ನಾಯಕ.

"ಉಪ್ಪಾ, ಸ್ಟಾಂಡರ್ಡ್ ಗಾಡಿ ಯಾರು ನೋಡ್ತಾರೆ? ಸೈಲೆನ್ಸರ್ ಬದಲಿಸಿದ್ದು ಸಿಕ್ಕಿದ್ರೆ ಕುಂಬಳೆಯಲ್ಲಿ ಸ್ಟಾರ್ಟ್ ಮಾಡಿದ್ದು ಶಿರಿಯಕ್ಕೆ ಕೇಳ್ತದೆ."

"ಶಿರಿಯಕ್ಕೆ ಕೇಳುವ ಮೊದಲು ಆರ್‌.ಟಿ.ಒ.ಗೆ ಕೇಳ್ತದೆ," ಎಂದ ಮಮ್ಮುಂಞಿ. "ಗಾಡಿ ಅಂದ್ರೆ ಕಂಪನಿಯಿಂದ ಬಂದ ಹಾಗೆಯೇ ಇರಬೇಕು. ಒಂದು ಬೋಲ್ಟು ಬದಲಿಸಿದ್ರೂ ಅದು ಗಾಡಿ ಅಲ್ಲ, ಗುಜರಿ."

ಅವನ ವಾದ ಕೇಳಿದರೆ ತಲೆದೂಗಲೇಬೇಕು. ಮೋಡಿಫೈ ಮಾಡಿದವನು ಇಂಜಿನಿನ ಹೊಟ್ಟೆಯೊಳಗೆ ಎಂತೆಂಥ ಪ್ರಯೋಗ ಮಾಡಿದ್ದಾನೋ ಕೊಂಡವನಿಗೆ ಗೊತ್ತಿಲ್ಲ. ಅಪಘಾತವಾದರೆ ಇನ್ಶೂರೆನ್ಸಿನವರು ಕೈ ಎತ್ತುತ್ತಾರೆ. ದಾರಿಯಲ್ಲಿ ಹಿಡಿದರೆ ದಂಡ ಕಟ್ಟಿ, ಹಳೆಯ ಹಾಗೆ ಮಾಡಿ ತಂದು ತೋರಿಸಬೇಕು. ಮಾರುವಾಗ ಯಾರಿಗೂ ಬೇಡ. ಎಲ್ಲವೂ ಸರಿಯಾದ ಮಾತೇ. ಲೋಕದ ಅರ್ಧ ಅನಾಹುತಗಳು ಇಂಥ ಸರಿಯಾದ ಮಾತು ಆಡುವವರಿಂದಲೇ ಆಗುತ್ತವೆ.

ನಮ್ಮ ಕಡೆ ಕಾರು ನೋಡಲು ಹೋಗುವುದಕ್ಕೆ ಒಂದು ಕ್ರಮ ಇದೆ. ಕೊಳ್ಳುವವನು, ಒಬ್ಬ ಮೆಕ್ಯಾನಿಕ್, ಒಬ್ಬ ಬ್ರೋಕರ್, ಮತ್ತು ಏನೂ ಗೊತ್ತಿಲ್ಲದೆ ಎಲ್ಲರಿಗಿಂತ ಹೆಚ್ಚು ಮಾತಾಡುವ ಒಬ್ಬ. ಎಲ್ಲರೂ ಗಂಡಸರು. ಹೆಣ್ಣು ನೋಡಲು ಹೆಂಗಸರು ಹೋಗುತ್ತಾರೆ, ಕಾರು ನೋಡಲು ಗಂಡಸರು ಹೋಗುತ್ತಾರೆ. ಎರಡು ಕಡೆಯೂ ಆಮೇಲೆ ಅದರ ಜೊತೆ ಬಾಳಬೇಕಾದವರನ್ನು ಯಾರೂ ಕರೆದುಕೊಂಡು ಹೋಗುವುದಿಲ್ಲ. ಮೊದಲ ಕಾರು ನೋಡಲು ಬದಿಯಡ್ಕಕ್ಕೆ ಹೊರಟ ಬೆಳಿಗ್ಗೆ ಕುಂಞಾಮಿನ ಅಡುಗೆಕೋಣೆಯ ಬಾಗಿಲಿನಿಂದ ಕೇಳಿದಳು.

"ನಾನೂ ಬರಬಹುದಾ?"

"ನೀನು ಎಂತಕ್ಕೆ? ಬಣ್ಣ ಕೆಂಪು. ನಿನಗೆ ಅಷ್ಟು ಗೊತ್ತಾದ್ರೆ ಸಾಕು."

ಮೆಕ್ಯಾನಿಕ್ ಮಹೇಶ್ವರ ಬಂದ್ಯೋಡಿನಲ್ಲಿ ಗ್ಯಾರೇಜ್ ಇಟ್ಟವನು, ಮಮ್ಮುಂಞಿಗಿಂತ ಹತ್ತು ವರ್ಷ ಚಿಕ್ಕವನು, ಮಾತು ಕಡಿಮೆ. ಬ್ರೋಕರ್ ಶಿಹಾಬನಿಗೆ ಮಾತು ಬಿಟ್ಟರೆ ಬೇರೆ ಬಂಡವಾಳ ಇರಲಿಲ್ಲವಾದ್ದರಿಂದ ಮೂರನೆಯ ಮತ್ತು ನಾಲ್ಕನೆಯ ಎರಡೂ ಸ್ಥಾನಗಳನ್ನು ಅವನೊಬ್ಬನೇ ತುಂಬಿದ. ನಿಯಾಸ್ ಅಂಗಡಿಗೆ ರಜೆ ಹಾಕಿ ಸುಮ್ಮನೆ ಜೊತೆಗೆ ಬಂದ.

ಬದಿಯಡ್ಕದ ಕಾರು ಹರಿನಾಥ ಎಂಬ ಅಡಿಕೆ ವ್ಯಾಪಾರಿಯದು. ಅಂಗಳದಲ್ಲಿ ನಿಂತಿತ್ತು, ಕೆಂಪಗೆ, ತೊಳೆದು ಒರೆಸಿ. ಮಮ್ಮುಂಞಿ ಅದಕ್ಕೆ ಒಂದು ಸುತ್ತು ಬಂದ. ಆಮೇಲೆ ಬಗ್ಗಿ ಕೆಳಗೆ ನೋಡಿದ, ಬಿರಿಯಾನಿಯಲ್ಲಿ ಹಲ್ಲಿ ಕಂಡವನ ಹಾಗೆ ಎದ್ದು ನಿಂತ.

"ಇದನ್ನು ಎತ್ತರಿಸಿದ್ದೀರಾ?"

"ಹೌದು ಮಾರಾಯ್ರೆ. ನಮ್ಮ ರಸ್ತೆ ಗೊತ್ತುಂಟಲ್ಲ, ಹೊಟ್ಟೆ ಒರಸ್ತಿತ್ತು." ಹರಿನಾಥ ಬಾಗಿಲು ತೆರೆದ. "ಬದಿಯ ಸೀಟನ್ನೂ ಬದಲಿಸಿದ್ದೇನೆ. ಅಡಿಗೆ ಕಬ್ಬಿಣದ ಫ್ರೇಮು ಹಾಕಿ ಮೇಲೆ ತಂದೆ. ಹೀಗೆ ಹೊರಗೆ ತಿರುಗ್ತದೆ. ಇಲ್ಲಿ ಹಿಡಿದುಕೊಳ್ಳಲಿಕ್ಕೆ ಒಂದು ಹಿಡಿ. ನಮ್ಮವಳಿಗೆ ಮೊಣಕಾಲು ಮಡಚಲಿಕ್ಕೆ ಆಗುದಿಲ್ಲ, ಅದಕ್ಕೆ. ಆಫೀಸಿನಲ್ಲಿ ಅನುಮತಿ ತೆಗೆದು ಆರ್‌ಸಿಯಲ್ಲಿಯೂ ಬರೆಸಿದ್ದೇನೆ. ಈಗ ಮಗಳು ದೊಡ್ಡ ಗಾಡಿ ತೆಗೆದ ಕಾರಣ ಕೊಡುದು."

ಅವನ ಹೆಂಡತಿ ರಾಜೀವಿ ಹೊರಗೆ ಬಂದು, ಯಾರೂ ಕೇಳದಿದ್ದರೂ, ತಿರುಗಿದ ಸೀಟಿನಲ್ಲಿ ಕೂತು, ಕಾಲು ಒಳಗೆ ತೆಗೆದುಕೊಂಡು, ಮತ್ತೆ ಹೊರಗೆ ತಿರುಗಿ ಎದ್ದು ತೋರಿಸಿದರು. ಐವತ್ತೈದರ ಹೆಂಗಸು, ಊರುಗೋಲನ್ನು ಬಾಗಿಲಿಗೆ ಒರಗಿಸಿಟ್ಟಿದ್ದರು.

"ನೋಡಿ, ಎಷ್ಟು ಸುಲಭ," ಎಂದರು. "ನಿಮ್ಮ ಮನೆಯವರಿಗೆ ಹೇಗೆ, ಕಾಲು ಸರಿ ಉಂಟಲ್ಲ?"

"ಅವಳಿಗೆ ಎಂತ ಆಗಿದೆ? ಗುಡ್ಡೆ ಹತ್ತಿ ಇಳಿಯುವವಳು. ಸುಖ," ಎಂದ ಮಮ್ಮುಂಞಿ. ಆಮೇಲೆ ಹರಿನಾಥನ ಕಡೆ ತಿರುಗಿದ. "ಹರಿನಾಥಣ್ಣ, ತಪ್ಪು ತಿಳಿಯಬೇಡಿ. ಜಪಾನಿನ ಇಂಜಿನಿಯರುಗಳು ಹತ್ತು ವರ್ಷ ಲೆಕ್ಕ ಹಾಕಿ ಇಟ್ಟ ಸೀಟು ಅದು. ನೀವು ವೆಲ್ಡಿಂಗ್ ಶಾಪಿನಲ್ಲಿ ಅದನ್ನು ಬ್ಯಾಂಕಿನ ಕುರ್ಚಿ ಮಾಡಿದ್ರಿ. ಅವರಿಗಿಂತ ನಿಮಗೆ ಹೆಚ್ಚು ಗೊತ್ತುಂಟಾ?"

"ಅವರಿಗೆ ಇವಳು ಗೊತ್ತಿಲ್ಲ ಅಲ್ವಾ," ಎಂದ ಹರಿನಾಥ, ಬಹಳ ಸಾಧಾರಣ ಸ್ವರದಲ್ಲಿ.

ಈ ಮಾತಿನಲ್ಲಿ ಏನೋ ಇದೆ ಎಂದು ಮಹೇಶ್ವರನಿಗೆ ಅನಿಸಿತು. ಮಮ್ಮುಂಞಿಗೆ ಅನಿಸಲಿಲ್ಲ. ಅವನು ಚಾಯ ಕುಡಿದು, ಮರ್ಯಾದೆಯಿಂದ ಸಲಾಂ ಹೇಳಿ, ದಾರಿಯುದ್ದಕ್ಕೂ ವೆಲ್ಡಿಂಗ್ ಮಾಡುವವರನ್ನು ಬೈಯುತ್ತ ಬಂದ.

ಎರಡನೆಯ ಕಾರು ಕಾಞಂಗಾಡಿನಲ್ಲಿ ಸಿಕ್ಕಿತು. ಅದೇ ಮಾದರಿ, ಅದೇ ವರ್ಷ, ಅದೇ ಕೆಂಪು. ಕಂಪನಿಯ ಹೆಸರನ್ನು ಇಲ್ಲಿ ಹೇಳುವುದಿಲ್ಲ, ಅವರಿಗೆ ನಮ್ಮ ಜಾಹೀರಾತಿನ ಅಗತ್ಯವಿಲ್ಲ. ಒಬ್ಬ ಡಾಕ್ಟರು ಹತ್ತು ವರ್ಷದಲ್ಲಿ ಭಾನುವಾರ ಮಾತ್ರ ಹೊರಗೆ ತೆಗೆದ ಗಾಡಿ. ಸೀಟುಗಳ ಮೇಲೆ ಶೋರೂಮಿನ ಪ್ಲಾಸ್ಟಿಕ್ ಇನ್ನೂ ಇತ್ತು. ಮಹೇಶ್ವರ ಅಡಿಗೆ ನುಗ್ಗಿ ಟಾರ್ಚು ಬಿಟ್ಟು ಒಂದೊಂದು ಬೋಲ್ಟನ್ನೂ ನೋಡಿದ.

"ಸ್ಪಾನರೇ ತಾಗಿಲ್ಲ ಇದಕ್ಕೆ," ಎಂದ.

ಮಮ್ಮುಂಞಿಯ ಕಣ್ಣಿನಲ್ಲಿ ನೀರು ಬರುವುದೊಂದು ಬಾಕಿ. ಮೂರು ಗಂಟೆ ಪರೀಕ್ಷೆ ನಡೆಯಿತು. ಬಾಗಿಲುಗಳನ್ನು ಹತ್ತು ಸಲ ತೆರೆದು ಮುಚ್ಚಿ ಶಬ್ದ ಕೇಳಿದರು. ಬಣ್ಣದ ಮೇಲೆ ಬೆರಳು ಆಡಿಸಿದರು. ಡಿಕ್ಕಿಯ ಚಾಪೆ ಎತ್ತಿ ಮೂಸಿದರು. ಬದಿಯ ಸೀಟಿನಲ್ಲಿ ಶಿಹಾಬ್ ಕೂತು ನೋಡಿದ, ನಿಯಾಸ್ ಕೂತು ನೋಡಿದ. ಇಬ್ಬರ ವಯಸ್ಸೂ ಸೇರಿಸಿದರೆ ಐವತ್ತಾರು. ಬದಿಯಡ್ಕದ ಕಾರಿಗಿಂತ ಒಂದು ಹೊಸ ಆಟೋರಿಕ್ಷಾ ಬರುವಷ್ಟು ಹೆಚ್ಚು ಕೊಟ್ಟು ಮಮ್ಮುಂಞಿ ಅದನ್ನು ತನ್ನದಾಗಿಸಿಕೊಂಡ. ಶುದ್ಧತೆಗೆ ಬೆಲೆ ಕಟ್ಟಲಿಕ್ಕೆ ಆಗುವುದಿಲ್ಲ ಎಂದ. ಡಾಕ್ಟರು ಕಟ್ಟಿದ್ದರು, ಸರಿಯಾಗಿಯೇ ಕಟ್ಟಿದ್ದರು.

ಹೈವೇಯ ತನಕ ಸ್ವರ್ಗ. ಹೈವೇ ಬಿಟ್ಟು ಒಳರಸ್ತೆಗೆ ತಿರುಗಿದ ಕೂಡಲೇ ಮದ್ರಸದ ಮುಂದಿನ ಹಂಪು. ಕಾರಿನ ಮುಂಭಾಗ ದಾಟಿತು, ಹಿಂಭಾಗ ಬಾಕಿ ಇತ್ತು, ಹೊಟ್ಟೆ ಹಂಪಿನ ಮೇಲೆ ಕೂತಿತು. ಆ ಹಂಪನ್ನು ಹಾಕಿಸಿದ್ದು ಬೇರೆ ಯಾರೂ ಅಲ್ಲ. ಆರು ವರ್ಷದ ಹಿಂದೆ ಶಾರ್ಜಾದಿಂದ ಊರಿನ ವಾಟ್ಸಾಪ್ ಗ್ರೂಪಿಗೆ ನಾಲ್ಕು ನಿಮಿಷದ ವಾಯ್ಸ್ ಕಳಿಸಿ, ಮಕ್ಕಳು ಓಡಾಡುವ ಜಾಗ, ಹಂಪು ಬೇಕೇ ಬೇಕು, ಅದೂ ಎತ್ತರದ್ದೇ ಬೇಕು ಎಂದು ಪಂಚಾಯತಿನ ಮೆಂಬರನ್ನು ಪೀಡಿಸಿ ಹಾಕಿಸಿದವನು ಮಮ್ಮುಂಞಿಯೇ. ಈಗ ಮದ್ರಸದ ಮಕ್ಕಳೆಲ್ಲ ಬಂದು ಕಾರನ್ನು ಎತ್ತಿ ದಾಟಿಸಿದರು. ಅವರಿಗೆ ಒಂದು ವಾರಕ್ಕೆ ಬೇಕಾದ ತಮಾಷೆ ಸಿಕ್ಕಿತು.

ಆ ದಿನದಿಂದ ಶಿರಿಯದಲ್ಲಿ ದೊಡ್ಡ ಪ್ರಮಾಣದ ಮೋಡಿಫಿಕೇಶನ್ ಆರಂಭವಾಯಿತು. ಕಾರಿಗೆ ಅಲ್ಲ, ಛೆ, ಕಾರಿಗೆ ಕೈ ಹಚ್ಚುವುದುಂಟೇ? ಮೊದಲು ಹಂಪಿನ ಎರಡು ಬದಿಗೂ ಸ್ವಂತ ಖರ್ಚಿನಲ್ಲಿ ಡಾಮರು ಹಾಕಿಸಿ ಇಳಿಜಾರು ಮಾಡಿಸಿದ. ಈಗ ಅದು ಹಂಪಾಗಿ ಉಳಿಯಲಿಲ್ಲ, ಬೈಕಿನವರು ಅದರ ಮೇಲೆ ಹಾರಲು ಬರತೊಡಗಿದರು. ಆಮೇಲೆ ಗುಡ್ಡೆಯ ದಾರಿ. ಮೆಟ್ಟಿಲು ಇದ್ದ ಕಡೆ ಹಿಂದೆಯೇ ಜೀಪು ಹತ್ತುವಂತೆ ಕಾಂಕ್ರೀಟು ಹಾಕಿಸಿದ್ದ. ಈಗ ಅದನ್ನು ಒಡೆದು, ಮುರಕಲ್ಲು ಕಡಿಸಿ, ಒಂದು ತಿರುವು ಹೆಚ್ಚು ಮಾಡಿಸಿದ. ತಿರುವಿಗೆ ಅಡ್ಡ ಬಂದ ಬಾವಿಕಟ್ಟೆಯ ಮೂಲೆ ಹೋಯಿತು. ಗೇಟು ಅಗಲವಾಯಿತು. ಬಟ್ಟೆ ಒಗೆಯುವ ಕಲ್ಲು ಮನೆಯ ಹಿಂದಕ್ಕೆ ಹೋಯಿತು, ಕುಂಞಾಮಿನ ನೀರಿನ ಬಕೆಟು ಹಿಡಿದು ಇನ್ನೂ ಇಪ್ಪತ್ತು ಹೆಜ್ಜೆ ಹೆಚ್ಚು ನಡೆಯತೊಡಗಿದಳು. ಮೂಗಿಗಿಂತ ಮೂಗುತಿ ಭಾರವಾದರೆ ಮೂಗನ್ನೇ ದೊಡ್ಡದು ಮಾಡಿಸುವ ಜಾತಿ ನಮ್ಮ ಮಮ್ಮುಂಞಿಯದು. ಎರಡು ತಿಂಗಳಾದ ಮೇಲೆ ಕಾರು ಮನೆಯ ಅಂಗಳಕ್ಕೆ ಬಂದು ನಿಂತಾಗ ಅದರ ಒಂದು ಬೋಲ್ಟೂ ಬದಲಾಗಿರಲಿಲ್ಲ.

ಶುಕ್ರವಾರ ಜುಮಾ ಮುಗಿಸಿ ಬಂದು, ಊಟ ಮಾಡಿ, ಮಗಳ ಮನೆಗೆ ಹೋಗುವುದೆಂದು ನಿಶ್ಚಯವಾಯಿತು. ಮಗಳು ಶಹಾನಾಳನ್ನು ಕೊಟ್ಟದ್ದು ಅನಂತಪುರದ ಹತ್ತಿರ, ಅರ್ಧ ಗಂಟೆಯ ದಾರಿ. ಕುಂಞಾಮಿನ ಹೊಸ ಪರ್ದಾ ಹಾಕಿಕೊಂಡಳು. ಅತ್ತರು ಹಚ್ಚಿಕೊಂಡಳು. ಕಪಾಟಿನಿಂದ ಏನೋ ತೆಗೆದು ಕೈಚೀಲದಲ್ಲಿ ಇಟ್ಟುಕೊಂಡಳು. ಮಮ್ಮುಂಞಿ ಕಪ್ಪು ಕನ್ನಡಕ ಹಾಕಿ, ಬಾಗಿಲು ತೆರೆದು ಹಿಡಿದು ನಿಂತ. ಇಪ್ಪತ್ತೇಳು ವರ್ಷ ಬೇರೆಯವರ ಹೆಂಡತಿಗೆ ತೆರೆದ ಬಾಗಿಲನ್ನು ಇಂದು ತನ್ನ ಹೆಂಡತಿಗೆ ತೆರೆಯುವುದು ಅವನಿಗೆ ಬಹಳ ದೊಡ್ಡ ವಿಷಯವಾಗಿತ್ತು, ಅದರಲ್ಲಿ ತಮಾಷೆ ಏನಿಲ್ಲ.

ಕುಂಞಾಮಿನ ಬಗ್ಗಿದಳು. ಸೀಟು ಅವಳ ಮೊಣಕಾಲಿಗಿಂತಲೂ ಕೆಳಗಿತ್ತು. ಒಂದು ಕಾಲು ಒಳಗಿಟ್ಟಳು, ತೆಗೆದಳು. ಇನ್ನೊಂದು ಕಾಲು ಇಟ್ಟು ನೋಡಿದಳು. ಬೆನ್ನು ಹಾಕಿ ನಿಂತು ನೋಡಿದಳು. ಕೊನೆಗೆ ಬಿಸ್ಮಿಲ್ಲಾ ಎಂದು ಕೈ ಬಿಟ್ಟಳು. ಧೊಪ್ಪನೆ ಸೀಟಿಗೆ ಬಿದ್ದಳು. ಅವಳ ಮುಖ ಒಂದು ಕ್ಷಣ ಬಿಳಿಚಿಕೊಂಡಿತು. ಮಮ್ಮುಂಞಿ ಆಗ ಆಚೆ ಬದಿಗೆ ಹೋಗುತ್ತಿದ್ದ, ನೋಡಲಿಲ್ಲ.

ಆದರೆ ಆ ಅರ್ಧ ಗಂಟೆ ಚೆನ್ನಾಗಿತ್ತು. ಅವಳು ಮುಂದಿನ ಗಾಜಿಗೆ ಹತ್ತಿರವಾಗಿ ಕೂತು ಎಲ್ಲವನ್ನೂ ನೋಡಿದಳು. ಚೀಲದಿಂದ ಆ ಹಳೆಯ ಫೋಟೋ ತೆಗೆದು ಸ್ಟೇರಿಂಗಿನ ಹತ್ತಿರ ಹಿಡಿದು ಎರಡನ್ನೂ ಹೋಲಿಸಿದಳು.

"ಅದು ಇದಕ್ಕಿಂತ ಸ್ವಲ್ಪ ಉದ್ದ ಇತ್ತಾ?"

"ಅದು ಬೇರೆ ಕಂಪನಿ. ಇದು ಇಂಜಿನಿನಲ್ಲಿ ಮೇಲೆ."

"ಕೆಂಪು ಮಾತ್ರ ಒಂದೇ," ಎಂದಳು. ನಕ್ಕಳು. ಮಮ್ಮುಂಞಿ ಎದುರಿಗೆ ಯಾರೂ ಇಲ್ಲದಿದ್ದರೂ ಹಾರ್ನ್ ಬಾರಿಸಿದ. ಗಂಟೆಗೆ ಇನ್ನೂರೈವತ್ತು ಹೋಗಬಲ್ಲ ಕಾರು ನಲವತ್ತರಲ್ಲಿ ಹೋಗುತ್ತಿತ್ತು. ಹಿಂದಿನಿಂದ ಬಂದ ಮೀನಿನ ಗಾಡಿಯವನು ಬೈದು ಓವರ್‌ಟೇಕ್ ಮಾಡಿದ.

ಶಹಾನಾಳ ಮನೆಯ ಅಂಗಳದಲ್ಲಿ ಬೀಗರೆಲ್ಲ ಸಾಲಾಗಿ ನಿಂತಿದ್ದರು. ಮಮ್ಮುಂಞಿ ಇಳಿದು, ಸುತ್ತಿ ಬಂದು, ಶಾರ್ಜಾದ ಶೈಲಿಯಲ್ಲಿ ಬಾಗಿಲು ತೆರೆದ. ಕುಂಞಾಮಿನ ಏಳಲಿಲ್ಲ. ಮುಂದಕ್ಕೆ ಬಾಗಿದಳು, ಆಗಲಿಲ್ಲ. ಬಾಗಿಲು ಹಿಡಿದಳು, ಬಾಗಿಲು ಜಾರಿತು. ಮಗಳು ಒಂದು ಕೈ ಹಿಡಿದು ಎಳೆದಳು, ಅಮ್ಮ "ಯಾ ಅಲ್ಲಾ" ಎಂದು ಚೀರಿದ್ದಕ್ಕೆ ಬಿಟ್ಟಳು. ಬೀಗತಿ ಒಂದು ಮಣೆ ತಂದರು. ಯಾರೋ ಹಗ್ಗ ಎಂದರು. ಅಂಗಳದ ತುಂಬ ಸಲಹೆಗಾರರು. ಮಮ್ಮುಂಞಿಯ ಕಪ್ಪು ಕನ್ನಡಕದ ಅಡಿಯಿಂದ ಬೆವರು ಇಳಿಯುತ್ತಿತ್ತು.

"ಗಡಿಬಿಡಿ ಬೇಡ," ಎಂದಳು ಕುಂಞಾಮಿನ ಕಾರಿನೊಳಗಿಂದ. "ಶಹಾನಾ, ನನಗೆ ಚಾಯ ಇಲ್ಲಿಗೇ ತಾ. ಚೆನ್ನಾಗುಂಟು ಇಲ್ಲಿ. ಎ.ಸಿ. ಕೂಡ ಉಂಟು."

ಎಲ್ಲರೂ ನಕ್ಕರು, ಅವಳೂ ನಕ್ಕಳು. ಚಾಯ, ಸಮೋಸ, ಮೊಟ್ಟೆಮಾಲೆ ಎಂಬ ಸಿಹಿ ಎಲ್ಲವೂ ಒಂದೊಂದಾಗಿ ಕಾರಿಗೆ ಹೋದವು. ಬೀಗತಿ ಪಕ್ಕದಲ್ಲಿ ಸ್ಟೂಲು ಹಾಕಿ ಕೂತು ಯೋಗಕ್ಷೇಮ ಮಾತಾಡಿದರು. ಅರ್ಧ ಗಂಟೆ ಕಳೆದ ಮೇಲೆ ಮೂರು ಹೆಂಗಸರು ಸೇರಿ ಕಂಕುಳಿಗೆ ಕೈ ಕೊಟ್ಟು ಅವಳನ್ನು ಹೊರಗೆ ತಂದರು. ನಗು ಅಷ್ಟಕ್ಕೆ ನಿಂತಿತು. ಅವಳ ಕಣ್ಣಿನಲ್ಲಿ ನೀರು ತುಂಬಿತ್ತು, ಒಂದು ಕಾಲು ನೆಲಕ್ಕೆ ಊರಲು ಆಗುತ್ತಿರಲಿಲ್ಲ.

ಹೊರಡುವಾಗ ಅವಳು ಗಂಡನ ಬಳಿ ಬಂದು ಮೆಲ್ಲಗೆ ಹೇಳಿದಳು. "ನಾನು ರಿಕ್ಷಾದಲ್ಲಿ ಬರ್ತೇನೆ. ನೀವು ಹಿಂದಿನಿಂದ ಬನ್ನಿ."

ಹಾಗೆ ಶಿರಿಯದ ಜನ ಆ ಸಂಜೆ ಒಂದು ಮೆರವಣಿಗೆ ನೋಡಿದರು. ಮುಂದೆ ಒಂದು ಆಟೋರಿಕ್ಷಾ, ಅದರ ಹಿಂದೆ ಬಹಳ ವಿಧೇಯವಾಗಿ ಒಂದು ಕೆಂಪು ಸ್ಪೋರ್ಟ್ಸ್ ಕಾರು. ಕಾರಿನ ಮುಂದಿನ ಸೀಟು ಖಾಲಿ ಇತ್ತು. ಕಂಪನಿಯಿಂದ ಬಂದ ಹಾಗೆಯೇ, ಪ್ಲಾಸ್ಟಿಕ್ಕಿನ ಸಮೇತ.

ಮನೆಗೆ ಬಂದು ಕುಂಞಾಮಿನ ಮಂಚದಲ್ಲಿ ಕಾಲು ಚಾಚಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಮೊಣಕಾಲು ಊದಿ ಹಲಸಿನಕಾಯಿಯಾಗಿತ್ತು. ಮಮ್ಮುಂಞಿ ಬಾಗಿಲಲ್ಲಿ ನಿಂತು ನೋಡಿದ. ಅವನು ಊರಿಗೆ ಬಂದು ಎಂಟು ತಿಂಗಳಾಗಿತ್ತು. ಎಂಟು ತಿಂಗಳಲ್ಲಿ ಕಾರುಗಳ ಅಡಿಗೆ ಎಷ್ಟು ಸಲ ಬಗ್ಗಿ ನೋಡಿದ್ದನೋ ಲೆಕ್ಕವಿಲ್ಲ.

"ಇದು ಯಾವಾಗಿನಿಂದ?"

"ಒಂಬತ್ತು ವರ್ಷ ಆಯ್ತು."

"ಒಂಬತ್ತು ವರ್ಷ! ಒಮ್ಮೆ ಹೇಳಬಾರದಿತ್ತಾ?"

"ಗಲ್ಫಿನಲ್ಲಿ ಇರುವವರಿಗೆ ಇಂಥದ್ದೆಲ್ಲ ಯಾರು ಹೇಳ್ತಾರೆ? ನೀವು ಫೋನು ಮಾಡಿ ಸುಖವಾ ಅಂತ ಕೇಳುದು, ನಾನು ಸುಖ ಅಂತ ಹೇಳುದು. ನಿಮ್ಮ ಉಮ್ಮ ಬಿದ್ದು ಸೊಂಟ ಮುರಿದಾಗಲೂ ಸುಖ ಅಂತಲೇ ಹೇಳಿದ್ದು. ಅಲ್ಲಿಂದ ನೀವು ಎಂತ ಮಾಡ್ಲಿಕ್ಕುಂಟು? ನಿದ್ದೆ ಕೆಡುದು ಮಾತ್ರ."

"ಬಂದ ಮೇಲಾದ್ರೂ..."

"ಬಂದ ಮೇಲೆ ನೀವು ಕೇಳ್ಲಿಲ್ಲ," ಎಂದಳು. ಸಿಟ್ಟಿನಿಂದಲ್ಲ, ಅಂಗಡಿಯಿಂದ ಉಪ್ಪು ತರಲು ಮರೆತವನಿಗೆ ಹೇಳುವಂತೆ. "ನೀವು ಐವತ್ತೆರಡು ಮೆಟ್ಟಿಲು ಓಡಿ ಇಳಿಯುವವಳನ್ನು ಬಿಟ್ಟು ಹೋದದ್ದು. ಅವಳು ಹಾಗೆಯೇ ಇರ್ತಾಳೆ ಅಂತ ನೆನೆಸಿದ್ರಿ."

ಇಪ್ಪತ್ತೇಳು ವರ್ಷ ಗ್ಯಾಸ್ ಸಿಲಿಂಡರ್, ಅಕ್ಕಿಮುಡಿ, ಜ್ವರ ಬಂದ ಮಕ್ಕಳು, ಕೊನೆಗೆ ನಡೆಯಲಾರದ ಅತ್ತೆ, ಎಲ್ಲವನ್ನೂ ಹೊತ್ತು ಆ ಗುಡ್ಡೆ ಹತ್ತಿದ ಕಾಲು ಅದು. ಜೀಪು ಬರುವ ದಾರಿಗೆ ಕಾಂಕ್ರೀಟು ಹಾಕಿಸಿದ್ದು ಮೂರು ವರ್ಷದ ಹಿಂದೆ ಮಾತ್ರ. ಅದೂ ಯಾಕೆ? ತಾನು ಊರಿಗೆ ಬಂದರೆ ಕಾರು ಬರಬೇಕಲ್ಲ ಎಂದು. ಅವನಿಗೆ ತನ್ನ ಬಗ್ಗೆ ಬಹಳ ನಾಚಿಕೆಯಾಯಿತು.

ನಾಲ್ಕು ದಿನ ಕಾರು ಕವರಿನ ಅಡಿಯಲ್ಲಿ ಮಲಗಿತ್ತು. ಐದನೆಯ ದಿನ ಮಮ್ಮುಂಞಿ ಬಸ್ಸು ಹತ್ತಿ ಬದಿಯಡ್ಕಕ್ಕೆ ಹೋದ. ಹರಿನಾಥನ ಅಂಗಳದಲ್ಲಿ ಕಾರು ಇರಲಿಲ್ಲ.

"ಅದು ಕಳೆದ ವಾರ ಹೋಯ್ತಲ್ಲ ಮಾರಾಯ್ರೆ," ಎಂದ ಹರಿನಾಥ. "ಪುತ್ತೂರಿನ ಒಬ್ಬರು ತೆಗೆದ್ರು. ಆದ್ರೆ ಅವರಿಗೂ ನಿಮ್ಮದೇ ಹಟ, ಕಂಪನಿಯಿಂದ ಬಂದ ಹಾಗೆಯೇ ಬೇಕು. ಎಲ್ಲ ಬಿಚ್ಚಿ, ಆಫೀಸಿನಲ್ಲಿ ತೋರಿಸಿ, ಹಳೆಯ ಸೀಟು ಹಾಕಿ ಕೊಟ್ಟೆ."

"ಬಿಚ್ಚಿದ್ದು?"

ಹರಿನಾಥ ಅವನ ಮುಖವನ್ನು ಒಮ್ಮೆ ನೋಡಿದ. ನಗಲಿಲ್ಲ. ನಕ್ಕಿದ್ದರೆ ಮಮ್ಮುಂಞಿಗೆ ಸ್ವಲ್ಪ ಹಗುರವಾಗುತ್ತಿತ್ತು. ಅಡಿಕೆ ಗೋಣಿಗಳ ಹಿಂದಿನಿಂದ ಕಬ್ಬಿಣದ ಫ್ರೇಮು, ತಿರುಗುವ ತಟ್ಟೆ, ಹಿಡಿ, ಎಲ್ಲವನ್ನೂ ತಂದು ಜಗಲಿಯಲ್ಲಿಟ್ಟ.

"ತೆಗೆದುಕೊಂಡು ಹೋಗಿ, ದುಡ್ಡು ಬೇಡ. ಅಳತೆ ತಂದಿದ್ದೀರಾ?"

"ಎಂತ ಅಳತೆ? ಒಂದೇ ಮಾಡೆಲ್ ಅಲ್ವಾ, ಕೂರ್ತದೆ."

"ಗಾಡಿಯ ಅಳತೆ ಅಲ್ಲ. ನಿಮ್ಮ ಮನೆಯವರದ್ದು," ಎಂದರು ಒಳಗಿನಿಂದ ರಾಜೀವಿ. "ಇದು ನನ್ನ ಕಾಲಿಗೆ ಮಾಡಿದ್ದು. ಅವರ ಕಾಲಿಗೆ ಎಷ್ಟು ಎತ್ತರ ಬೇಕು ಅಂತ ಗೊತ್ತಿರಬೇಕಲ್ಲ ನಿಮಗೆ."

ಮಮ್ಮುಂಞಿ ಫ್ರೇಮನ್ನು ಗೋಣಿಯಲ್ಲಿ ಕಟ್ಟಿ ಬಸ್ಸಿನಲ್ಲಿಟ್ಟು ವಾಪಸಾದ. ಮರುದಿನ ಬೆಳಗ್ಗೆ ಅವನು ಕುಂಞಾಮಿನಳನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಬಂದ್ಯೋಡಿನ ಗ್ಯಾರೇಜಿಗೆ ಹೋದ. ನಿಯಾಸ್ ಕಾರನ್ನು ಮೊದಲೇ ತಂದು ನಿಲ್ಲಿಸಿದ್ದ. ಮಹೇಶ್ವರನ ಗ್ಯಾರೇಜಿಗೆ ಹೆಂಗಸೊಬ್ಬಳು ಕಾಲಿಟ್ಟದ್ದು ಅದೇ ಮೊದಲು. ಅವನು ಗಾಬರಿಯಾಗಿ ಕುರ್ಚಿ ಒರೆಸಿದ.

"ಮಮ್ಮುಂಞಿಚ್ಚ, ಸ್ಪಾನರ್ ತಾಗಿಸ್ಲಾ?" ಎಂದು ಕೇಳಿದ. "ಆಮೇಲೆ ಜಪಾನಿನ ಇಂಜಿನಿಯರು ಬೇಜಾರು ಮಾಡಬಾರದು."

"ಅವರಿಗೆ ಇವಳು ಗೊತ್ತಿಲ್ಲ," ಎಂದ ಮಮ್ಮುಂಞಿ.

"ಸರಿ. ಎಷ್ಟು ಎತ್ತರ ಬೇಕು?"

ಮಹೇಶ್ವರ ಪೆನ್ಸಿಲು ಹಿಡಿದು ಮಮ್ಮುಂಞಿಯ ಮುಖ ನೋಡಿದ. ಮಮ್ಮುಂಞಿ ಕುಂಞಾಮಿನಳ ಮುಖ ನೋಡಿದ. ಅವಳು ಇಬ್ಬರನ್ನೂ ಬಿಟ್ಟು ಮೂಲೆಯಲ್ಲಿದ್ದ ಹಲಗೆಗಳನ್ನು ನೋಡಿದಳು.

"ಅದನ್ನು ಒಂದರ ಮೇಲೆ ಒಂದು ಇಡಿ," ಎಂದಳು.

ಹಲಗೆ ಇಟ್ಟರು, ಅವಳು ಕೂತಳು. ಏಳಲು ಹೋದಳು, ಮುಖ ಕಿವುಚಿತು. ಇನ್ನೊಂದು ಹಲಗೆ. ಮತ್ತೊಂದು. ಮಮ್ಮುಂಞಿಯೇ ಬಗ್ಗಿ ಬಗ್ಗಿ ಹಲಗೆ ಇಟ್ಟ, ಪ್ರತಿ ಸಲ ಅವಳು ಏಳುವಾಗ ಅವಳ ಮೊಣಕಾಲನ್ನೇ ನೋಡಿದ. ಆರನೆಯ ಹಲಗೆಗೆ ಅವಳು ಯಾರ ಕೈಯನ್ನೂ ಹಿಡಿಯದೆ ಎದ್ದು ನಿಂತಳು.

"ಇಷ್ಟು," ಎಂದಳು.

ಮಹೇಶ್ವರ ಟೇಪು ಹಿಡಿದ. ನೆಲದಿಂದ ಹತ್ತೊಂಬತ್ತು ಕಾಲು ಇಂಚು. ಅವನು ಅದನ್ನು ಗೋಡೆಯ ಮೇಲೆ ಬರೆದುಕೊಂಡ. ಮಮ್ಮುಂಞಿ ಜೇಬಿನಿಂದ ಪೆನ್ನು ತೆಗೆದು ತನ್ನ ಅಂಗೈಯಲ್ಲಿ ಬರೆದುಕೊಂಡ.

ಕುಂಞಾಮಿನ ಅದನ್ನು ನೋಡಿದಳು. "ಆ ಅರಬಿ ಹೆಂಗಸಿನದ್ದು ಎಷ್ಟನೇ ಬಟನ್ ಇತ್ತು?" ಎಂದು ಕೇಳಿದಳು.

ಎರಡು. ನಾಲಗೆಯ ತುದಿಯಲ್ಲೇ ಇತ್ತು, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ.

"ಮರೆತುಹೋಯ್ತು," ಎಂದ ಮಮ್ಮುಂಞಿ.

ಹದಿಮೂರು ಸಲ ಆ ಕಥೆ ಕೇಳಿದವಳು ಅವನ ಮುಖ ನೋಡಿದಳು. ಆಮೇಲೆ ಅವನ ಅಂಗೈಯ ಕಡೆ ಬೆರಳು ತೋರಿಸಿದಳು.

"ಅದು ಕೈ ತೊಳೆದ್ರೆ ಹೋಗ್ತದೆ," ಎಂದಳು. "ಬಾಯಿಪಾಠ ಮಾಡಿ."